ನೋ ಅಂದರೆ ಇಲ್ಲ, ನೋ ಅಂದರೆ ಗೊತ್ತು

ಸಂಜೆ ಹೊತ್ತು. ತಾಯಿ ರೊಟ್ಟಿ ಬಡಿಯುತ್ತಿದ್ದಳು. ಮಗಳು ಇಂಗ್ಲಿಷ್ ಪಾಠ ಓದುತ್ತಿದ್ದಳು. "ಐ ನೋ, ಐ ನೋ" ಅಂದಳು.

"ಏನೇ ಅದು? ನೋ ಅಂದ್ರೆ ಇಲ್ಲ ಅಂತ ಅಲ್ವಾ? ರೇಷನ್ ಅಂಗಡೀಲಿ 'ನೋ ಸ್ಟಾಕ್' ಅಂತಾರಲ್ಲ!"

ಮಗಳು ನಕ್ಕಳು. "ಅದು ಬೇರೆ ನೋ, ಅವ್ವಾ. ಇದು ಬೇರೆ ನೋ."

ಹೌದು, ಅಕ್ಕಂದಿರೇ. ಕಿವಿಗೆ ಎರಡೂ ಒಂದೇ. ಬರೆಯುವುದು ಮಾತ್ರ ಬೇರೆ. 'ಇಲ್ಲ' ಅನ್ನುವ ನೋಗೆ ಎರಡೇ ಅಕ್ಷರ: ಎನ್, ಓ. 'ಗೊತ್ತು' ಅನ್ನುವ ನೋಗೆ ನಾಲ್ಕು: ಕೆ, ಎನ್, ಓ, ಡಬ್ಲ್ಯು. ಮೊದಲಿನ ಕೆ ಬರೆಯುತ್ತಾರೆ, ಹೇಳುವುದಿಲ್ಲ. ನೂರಾರು ವರ್ಷಗಳ ಹಿಂದೆ ಅದನ್ನೂ ಹೇಳುತ್ತಿದ್ದರು. ಬರಬರುತ್ತ ಬಾಯಿಂದ ಬಿಟ್ಟುಹೋಯಿತು, ಬರಹದಲ್ಲಿ ಉಳಿಯಿತು.

ಈ ಮಾತನ್ನು ಎಲ್ಲೆಲ್ಲಿ ಬಳಸುತ್ತಾರೆ?

ಐ ನೋ ದ ವೇ: ನನಗೆ ದಾರಿ ಗೊತ್ತು.
ಐ ನೋ ಹರ್: ನನಗೆ ಆಕೆಯ ಪರಿಚಯ ಇದೆ.
ಐ ನೋ ಕನ್ನಡ: ನನಗೆ ಕನ್ನಡ ಬರುತ್ತದೆ.

ನಾವು ಗೊತ್ತು, ಪರಿಚಯ, ಬರುತ್ತದೆ ಎಂದು ಬೇರೆ ಬೇರೆ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಎಲ್ಲಕ್ಕೂ ಒಂದೇ ಮಾತು. ಕೆಲಸ ಬರುತ್ತದೆ ಅನ್ನುವಾಗ ಮಾತ್ರ 'ಹೌ ಟು' ಸೇರಿಸಬೇಕು. ಐ ನೋ ಹೌ ಟು ರೀಡ್: ನನಗೆ ಓದಲು ಬರುತ್ತದೆ.

ಗೊತ್ತಿಲ್ಲದಿದ್ದರೆ? "ಐ ಡೋಂಟ್ ನೋ" ಅನ್ನಿ. ಹಾಗೆ ಹೇಳಲು ನಾಚಿಕೆ ಬೇಡ. ಗೊತ್ತಿಲ್ಲ ಅಂದವರೇ ಕೇಳಿ ತಿಳಿಯುತ್ತಾರೆ.

ಕೇಳಿ ತಿಳಿಯುವುದು ನಮ್ಮ ಹಕ್ಕು. ಇಂಗ್ಲಿಷಿನಲ್ಲಿ ಇದಕ್ಕೆ 'ರೈಟ್ ಟು ನೋ' ಅನ್ನುತ್ತಾರೆ. 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ಅಂಗಡಿಯವರು 'ನೋ ಸ್ಟಾಕ್' ಅಂದರೆ ಸುಮ್ಮನೆ ಬರಬೇಡಿ. ಈ ತಿಂಗಳು ಆ ಅಂಗಡಿಗೆ ಎಷ್ಟು ಅಕ್ಕಿ ಬಂತು? ಎಷ್ಟು ಹಂಚಿದರು? ಆಹಾರ ಇಲಾಖೆಯ ಮಾಹಿತಿ ಅಧಿಕಾರಿಗೆ ಅರ್ಜಿ ಬರೆದು ಕೇಳಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಕಾರ್ಡಿನ ಪ್ರತಿ ಇಟ್ಟರೆ ಸಾಕು. 30 ದಿನದೊಳಗೆ ಅವರು ಉತ್ತರ ಕೊಡಬೇಕು. ಬರೆಯಲು ಬಾರದವರು ಬಾಯಲ್ಲಿ ಹೇಳಬಹುದು. ಅದನ್ನು ಬರೆಯಲು ಅಧಿಕಾರಿ ನೆರವಾಗಬೇಕು.

ನಿಮಗೆ ಈಗ ಬರೆಯಲು ಬರುತ್ತದೆ. ನೀವೇ ಬರೆಯಿರಿ.

ತಾಯಿ ಒಲೆ ಆರಿಸಿದಳು. "ತಾರೇ ಒಂದು ಹಾಳೆ" ಅಂದಳು.

ಹೇಳಿ ನೋಡೋಣ:
1. ಎರಡು 'ನೋ'ಗಳಿಗೆ ಏನು ವ್ಯತ್ಯಾಸ?
2. 'ನನಗೆ ಓದಲು ಬರುತ್ತದೆ' ಎಂದು ಇಂಗ್ಲಿಷಿನಲ್ಲಿ ಹೇಳಿ.
3. ನಿಮ್ಮ ಊರಿನ ಯಾವ ವಿಷಯ ನೀವು ಕೇಳಿ ತಿಳಿಯಬೇಕು? ಬರೆಯಿರಿ.