ಕಥೆಯ ಆಟ ಕಣಕ್ಕಿಳಿದಾಗ: ಕ್ವಿಡಿಚ್ ಎಂಬ ಓದು

ಜೆ. ಕೆ. ರೋಲಿಂಗ್ ಅವರ ಹ್ಯಾರಿ ಪಾಟರ್ ಸರಣಿಯ ಮೊದಲ ಕಾದಂಬರಿ 1997ರಲ್ಲಿ ಪ್ರಕಟವಾಯಿತು. ಅದರಲ್ಲಿ ಬರುವ ಮಾಂತ್ರಿಕ ಶಾಲೆಯ ವಿದ್ಯಾರ್ಥಿಗಳು ಪೊರಕೆಯೇರಿ ಆಕಾಶದಲ್ಲಿ ಆಡುವ ಆಟದ ಹೆಸರು ಕ್ವಿಡಿಚ್. ಎಂಟು ವರ್ಷಗಳ ತರುವಾಯ, 2005ರ ಅಕ್ಟೋಬರಿನಲ್ಲಿ, ಅಮೆರಿಕದ ವರ್ಮಾಂಟ್ ರಾಜ್ಯದ ಮಿಡಲ್‌ಬರಿ ಕಾಲೇಜಿನ ವಿದ್ಯಾರ್ಥಿಗಳು ಅದೇ ಆಟವನ್ನು ಹುಲ್ಲಿನ ಮೈದಾನದಲ್ಲಿ ಆಡಿ ನೋಡಿದರು. ಝ್ಯಾಂಡರ್ ಮ್ಯಾನ್ಶೆಲ್ ಮತ್ತು ಅಲೆಕ್ಸ್ ಬೆನೆಪಿ ಈ ಪ್ರಯೋಗದ ಮುಂದಾಳುಗಳು. 2007ರಲ್ಲಿ ವಾಸ್ಸರ್ ಕಾಲೇಜಿನೊಡನೆ ಮೊದಲ ಅಂತರಕಾಲೇಜು ಪಂದ್ಯ ನಡೆಯಿತು. 2012ರಲ್ಲಿ ಆಕ್ಸ್‌ಫರ್ಡಿನಲ್ಲಿ ಐದು ದೇಶಗಳ ತಂಡಗಳು ಸೆಣಸಿದವು. ಹಾರಲಾರದ ಮನುಷ್ಯರು ಹಾರಾಟದ ಆಟವನ್ನು ನೆಲದಲ್ಲಿ ನೆಲೆಗೊಳಿಸಿದ ಬಗೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ವಿಚಾರಾರ್ಹವಾದುದು.

ಕೃತಿಯಲ್ಲಿನ ಆಟದ ಚೌಕಟ್ಟು ಸರಳವಾಗಿದೆ. ತಂಡಕ್ಕೆ ಏಳು ಜನ. ಮೂವರು ಚೇಸರುಗಳು ಕ್ವಾಫಲ್ ಎಂಬ ಚೆಂಡನ್ನು ಎದುರಾಳಿಯ ಮೂರು ಬಳೆಗಳಲ್ಲೊಂದರ ಮೂಲಕ ತೂರಿಸಿ ತಲಾ ಹತ್ತು ಅಂಕ ಗಳಿಸುತ್ತಾರೆ. ಕೀಪರ್ ಬಳೆಗಳನ್ನು ಕಾಯುತ್ತಾನೆ. ಇಬ್ಬರು ಬೀಟರುಗಳು ಬ್ಲಡ್ಜರ್ ಎಂಬ ಕಬ್ಬಿಣದ ಚೆಂಡುಗಳಿಂದ ತಮ್ಮವರನ್ನು ರಕ್ಷಿಸುತ್ತಾರೆ. ಸೀಕರ್ ರೆಕ್ಕೆಯುಳ್ಳ ಚಿನ್ನದ ಸ್ನಿಚ್ಚನ್ನು ಹಿಡಿಯಲು ಹೊಂಚುತ್ತಾನೆ. ಅದು ಸಿಕ್ಕೊಡನೆ 150 ಅಂಕ. ಆಟವೂ ಅಲ್ಲಿಗೆ ಮುಕ್ತಾಯ.

ಇವುಗಳಲ್ಲಿ ಹಾರುವ ಪೊರಕೆಯಾಗಲಿ, ತಾನಾಗಿ ಚಲಿಸುವ ಚೆಂಡಾಗಲಿ ಯಾವ ಅಂಗಡಿಯಲ್ಲೂ ದೊರೆಯದು. ವಿದ್ಯಾರ್ಥಿಗಳು ಮಾಯೆಯ ಪ್ರತಿಯೊಂದು ವಸ್ತುವಿಗೂ ಒಂದು ಸಾಮಾನ್ಯ ವಸ್ತುವನ್ನೂ ಅದರ ಜೊತೆಗೊಂದು ನಿಯಮವನ್ನೂ ಜೋಡಿಸಿದರು. ತುಸು ಗಾಳಿ ಇಳಿಸಿದ ವಾಲಿಬಾಲ್ ಕ್ವಾಫಲ್ ಆಯಿತು. ಗಾಳಿ ಕಡಿಮೆಯಾದುದರಿಂದ ಅದನ್ನು ಒಂದೇ ಕೈಯಲ್ಲಿ ಹಿಡಿಯಬಹುದು. ಮೆತ್ತನೆಯ ರಬ್ಬರ್ ಚೆಂಡುಗಳು ಬ್ಲಡ್ಜರುಗಳಾದವು. ಅದರ ಪೆಟ್ಟು ತಿಂದವನು ಪೊರಕೆಯಿಂದಿಳಿದು, ಓಡಿಹೋಗಿ ತನ್ನ ತಂಡದ ಬಳೆಯನ್ನು ಮುಟ್ಟಿ ಬಂದು ಮತ್ತೆ ಆಟಕ್ಕೆ ಸೇರಬೇಕು. ಸ್ನಿಚ್ಚಿನ ಪರಿಹಾರವಂತೂ ಸ್ವಾರಸ್ಯಕರ: ಕಾಲುಚೀಲದೊಳಗೊಂದು ಟೆನಿಸ್ ಚೆಂಡನ್ನಿಟ್ಟು, ಯಾವ ತಂಡಕ್ಕೂ ಸೇರದ ಚುರುಕಿನ ಓಟಗಾರನ ಸೊಂಟದ ಹಿಂಬದಿಗೆ ಬಾಲದಂತೆ ಸಿಕ್ಕಿಸಲಾಯಿತು. ಸೀಕರ್ ಅದನ್ನು ಕಿತ್ತುಕೊಳ್ಳಬೇಕು.

ಪೊರಕೆಯ ಪಾತ್ರ ಇನ್ನೂ ಸೂಕ್ಷ್ಮವಾದುದು. ಕಾದಂಬರಿಯಲ್ಲಿ ಅದು ಶಕ್ತಿಯನ್ನು ಕೊಡುತ್ತದೆ. ಮೈದಾನದಲ್ಲಿ ಅದೇ ತೊಡಕಾಗುತ್ತದೆ. ಎರಡು ಕಾಲುಗಳ ನಡುವೆ ಕೋಲನ್ನಿರಿಸಿಕೊಂಡೇ ಓಡಬೇಕಾದ್ದರಿಂದ ಸಾಮಾನ್ಯವಾಗಿ ಒಂದು ಕೈ ಅದಕ್ಕೇ ಮೀಸಲು. ಚೆಂಡು ಹಿಡಿಯುವುದು, ಎಸೆಯುವುದೆಲ್ಲ ಇನ್ನೊಂದು ಕೈಯಲ್ಲೇ. ಯಕ್ಷಗಾನ ಬಯಲಾಟವನ್ನು ನೋಡಿ ಬೆಳೆದವರಿಗೆ ಇಂಥ ಒಪ್ಪಂದ ಹೊಸದೇನಲ್ಲ. ರಂಗಸ್ಥಳದಲ್ಲಿ ವೇಷಧಾರಿ ಒಂದೆರಡು ಸುತ್ತು ಬಂದರೆ ಪಯಣ ಮುಗಿಯಿತೆಂದು ಪ್ರೇಕ್ಷಕ ಒಪ್ಪುತ್ತಾನೆ. ಕ್ವಿಡಿಚ್ಚಿನಲ್ಲಿ ಆ ಒಪ್ಪಂದ ನಿಯಮದ ರೂಪ ತಾಳಿದೆ: ಕೋಲು ಕೆಳಗೆ ಬಿದ್ದರೆ ಆಟಗಾರ ಆಟದಲ್ಲಿಲ್ಲ.

ಓದುಗ ವಿಮರ್ಶಕನಾಗುವುದು ಅಂಕಗಳ ವಿಷಯದಲ್ಲಿ. ಕೃತಿಯ ಲೆಕ್ಕದಂತೆ ಒಂದು ಸ್ನಿಚ್ ಹದಿನೈದು ಗೋಲುಗಳಿಗೆ ಸಮ. ಹಾಗಾದರೆ ಉಳಿದ ಆರು ಮಂದಿಯ ಶ್ರಮಕ್ಕೆ ಬೆಲೆಯೇನು? ಸರಣಿಯ ನಾಲ್ಕನೆಯ ಕಾದಂಬರಿಯಲ್ಲಿ ಬಲ್ಗೇರಿಯದ ಸೀಕರ್ ಸ್ನಿಚ್ ಹಿಡಿದರೂ ಐರ್ಲೆಂಡ್ 170–160ರಿಂದ ಗೆಲ್ಲುತ್ತದೆ; ಆದರೆ ಅದು ಅಪವಾದ. ಕಥೆಯಲ್ಲಿ ಈ ಅಸಮತೋಲನ ದೋಷವಲ್ಲ, ನಾಯಕನೇ ಸೀಕರ್ ಆದುದರಿಂದ ಅದು ಕಥನದ ಅಗತ್ಯ. ಆದರೆ ಕಣದಲ್ಲಿ ಒಬ್ಬನೇ ನಾಯಕನಿರುವುದಿಲ್ಲ. ಆದ್ದರಿಂದ ಮುಂದೆ ರೂಪುಗೊಂಡ ನಿಯಮಾವಳಿಯಲ್ಲಿ ಸ್ನಿಚ್ಚಿನ ಬೆಲೆ ದೀರ್ಘಕಾಲ 30 ಅಂಕವಾಗಿತ್ತು, ಎಂದರೆ ಮೂರು ಗೋಲು. ಬ್ಲಡ್ಜರುಗಳ ಸಂಖ್ಯೆಯನ್ನು ಎರಡರಿಂದ ಮೂರಕ್ಕೆ ಏರಿಸಲಾಯಿತು. ನಾಲ್ವರು ಬೀಟರುಗಳಿಗೆ ಮೂರೇ ಚೆಂಡುಗಳಾದ್ದರಿಂದ ಮೂರನೆಯದಕ್ಕಾಗಿ ಎರಡು ತಂಡಗಳೂ ಸದಾ ಹೋರಾಡುತ್ತವೆ.

ತಂಡದ ರಚನೆಯ ನಿಯಮವೂ ಅಷ್ಟೇ ಮಹತ್ತ್ವದ್ದು. ಕಾದಂಬರಿಯಲ್ಲಿ ಹುಡುಗರೂ ಹುಡುಗಿಯರೂ ಒಂದೇ ತಂಡದಲ್ಲಿ ಆಡುತ್ತಾರೆ. ಮೈದಾನದ ಆಟ ಅದನ್ನು ಸದಾಶಯಕ್ಕೆ ಬಿಡದೆ ಬರವಣಿಗೆಗೆ ಇಳಿಸಿತು: ಸೀಕರನನ್ನು ಬಿಟ್ಟು, ಒಂದೇ ಲಿಂಗದ ನಾಲ್ವರಿಗಿಂತ ಹೆಚ್ಚು ಮಂದಿ ಏಕಕಾಲಕ್ಕೆ ಒಂದು ತಂಡದ ಪರವಾಗಿ ಕಣದಲ್ಲಿರಬಾರದು ಎಂಬ ನಿಯಮ ಬಹುಕಾಲ ಬಳಕೆಯಲ್ಲಿತ್ತು. ಆಟಗಾರರ ಲಿಂಗವನ್ನು ಅವರವರ ಗುರುತಿಸುವಿಕೆಯಂತೆ ಸ್ವೀಕರಿಸಲಾಯಿತು. 2022ರಲ್ಲಿ ಆಟದ ಸಂಸ್ಥೆಗಳು ಹೆಸರನ್ನೇ ‘ಕ್ವಾಡ್‌ಬಾಲ್’ ಎಂದು ಬದಲಿಸಿದವು. ಅವು ಕೊಟ್ಟ ಕಾರಣಗಳು ಎರಡು: ಮೂಲ ಹೆಸರಿನ ವ್ಯಾಪಾರಮುದ್ರೆ ವಾರ್ನರ್ ಬ್ರದರ್ಸ್ ಸಂಸ್ಥೆಯ ಸ್ವತ್ತಾಗಿತ್ತು, ಲಿಂಗಾಂತರಿಗಳ ಕುರಿತ ಲೇಖಕಿಯ ನಿಲುವುಗಳಿಂದ ದೂರವಿರುವುದೂ ಅವುಗಳ ಇಚ್ಛೆಯಾಗಿತ್ತು. ಕೃತಿಯಿಂದ ಹುಟ್ಟಿದ ಆಟ ಹದಿನೇಳು ವರ್ಷಗಳಲ್ಲಿ ಕೃತಿಯ ಹೆಸರನ್ನು ಬಿಟ್ಟು ನಡೆಯಲು ಕಲಿತಿತ್ತು.

ಯಾವುದೇ ಕಾಲೇಜು ಇದನ್ನು ಅಲ್ಪ ವೆಚ್ಚದಲ್ಲಿ ಏರ್ಪಡಿಸಬಹುದು. ನಮ್ಮ ಹಿಡಿಸೂಡಿಗೆ ಉದ್ದನೆಯ ಹಿಡಿಯಿಲ್ಲ. ಅದರ ಬದಲಿಗೆ ಸುಮಾರು ಒಂದು ಮೀಟರಿನ ಪಿವಿಸಿ ಕೊಳವೆ ಸಾಕು. ಸಿಬಿರು ಚುಚ್ಚುವ ಭಯವಿಲ್ಲದ್ದರಿಂದ ಅಂತಾರಾಷ್ಟ್ರೀಯ ತಂಡಗಳೂ ಅದನ್ನೇ ಬಳಸುತ್ತವೆ. ಕೊಳವೆಯ ತುದಿಗಳಿಗೆ ಬಟ್ಟೆ ಸುತ್ತಿ ಅಂಟುಪಟ್ಟಿಯಿಂದ ಬಿಗಿಯಬೇಕು. ಬಳೆಗಳಿಗೆ ಹಳೆಯ ಸೈಕಲ್ ಟಯರುಗಳು ಒದಗುತ್ತವೆ; ಅವನ್ನು ಮೂರು, ನಾಲ್ಕೂವರೆ ಮತ್ತು ಆರು ಅಡಿ ಎತ್ತರದ ಕೊಳವೆಗಳಿಗೆ ಕಟ್ಟಿ, ಬುಡಕ್ಕೆ ಮರಳಿನ ಚೀಲಗಳನ್ನಿರಿಸಬಹುದು. ಕಂಬವನ್ನು ನೆಲದಲ್ಲಿ ಹೂಳಬಾರದು. ಆಟಗಾರ ಡಿಕ್ಕಿ ಹೊಡೆದಾಗ ಅದು ಬಾಗಿ ಬೀಳುವಂತಿರಬೇಕು. ಮೂಲ ಆಟದಲ್ಲಿ ಎದುರಾಳಿಯನ್ನು ಒಂದು ತೋಳಿನಿಂದ ಹಿಡಿದು ಕೆಡವಲು ಅವಕಾಶವಿದೆ. ಹೊಸಬರು ಅದನ್ನು ಕೈಬಿಡುವುದೇ ಲೇಸು. ಮೂರು ಬಗೆಯ ಚೆಂಡುಗಳು ಒಮ್ಮೆಗೇ ಚಲಿಸುವುದರಿಂದ ಒಬ್ಬ ತೀರ್ಪುಗಾರ ಸಾಲದು. ಕ್ವಾಫಲ್, ಬ್ಲಡ್ಜರ್ ಮತ್ತು ಸ್ನಿಚ್‌ಗಳಿಗೆ ಬೇರೆ ಬೇರೆ ಕಣ್ಣುಗಳಿರಬೇಕು.

ಆದರೆ ಕನ್ನಡ ವಿದ್ಯಾರ್ಥಿಗಳ ನಿಜವಾದ ಪರೀಕ್ಷೆ ನಿಯಮಗಳನ್ನು ಕನ್ನಡದಲ್ಲಿ ಬರೆಯುವಲ್ಲಿದೆ. ‘ಚೆಂಡು ಬಳೆಯೊಳಗೆ ಹೋದರೆ ಹತ್ತು ಅಂಕ’ ಎಂಬ ವಾಕ್ಯ ಸ್ಪಷ್ಟವೆಂದೇ ತೋರುತ್ತದೆ. ಚೆಂಡು ಅರ್ಧ ಹೊಕ್ಕು ಹಿಂದಕ್ಕೆ ಪುಟಿದರೆ? ಬಳೆಯ ಹಿಂಬದಿಯಿಂದ ತೂರಿಬಂದರೆ? ಎಸೆಯುವ ಮುನ್ನವೇ ಆಟಗಾರನಿಗೆ ಬ್ಲಡ್ಜರ್ ತಗುಲಿದ್ದರೆ? ಆಟದ ನಿಯಮದಂತೆ ಎರಡು ಬದಿಯ ಗೋಲೂ ಸಲ್ಲುತ್ತದೆ, ಆದರೆ ಚೆಂಡು ಪೂರ್ತಿಯಾಗಿ ದಾಟಿರಬೇಕು, ಎಸೆದವನು ಪೊರಕೆಯ ಮೇಲಿರಬೇಕು. ಇಷ್ಟನ್ನೂ ಒಂದೇ ವಾಕ್ಯದಲ್ಲಿ, ಎರಡರ್ಥಕ್ಕೆ ಎಡೆಗೊಡದೆ, ಓಡಿ ದಣಿದವನಿಗೂ ಕೇಳಿದೊಡನೆ ತಿಳಿಯುವಂತೆ ಬರೆಯಬೇಕು. ಆ ವಾಕ್ಯ ಸಡಿಲವಾದರೆ ಮೈದಾನದಲ್ಲಿ ಜಗಳ ಖಂಡಿತ. ಬಿಗಿಯಾದರೆ ಆಟ ಮುಂದೆ ಸಾಗುತ್ತದೆ.