ನೆಗೆಯುವ ಮುನ್ನ

ಪೊಲೀಸ್ ನೇಮಕಾತಿಯ ಪ್ರಕಟಣೆ ಹೊರಬಿದ್ದೊಡನೆ ಯಾದಗಿರಿ, ಶಹಾಪುರ, ಸುರಪುರಗಳ ಮೈದಾನಗಳು ನಸುಕಿನಲ್ಲೇ ತುಂಬುವುದನ್ನು ನಾನು ಕಂಡಿದ್ದೇನೆ. ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಪುರುಷರು 3.80 ಮೀಟರ್ ಉದ್ದ ಇಲ್ಲವೆ 1.20 ಮೀಟರ್ ಎತ್ತರ, ಮಹಿಳೆಯರು 2.50 ಮೀಟರ್ ಉದ್ದ ಇಲ್ಲವೆ 0.90 ಮೀಟರ್ ಎತ್ತರ ಜಿಗಿಯಬೇಕು. ಉಳಿದ ದಿನಗಳು ಕಡಿಮೆ, ಆಸೆ ದೊಡ್ಡದು. ಆದುದರಿಂದ ಮೊದಲ ದಿನವೇ ಕಟ್ಟೆಯಿಂದ ಧುಮುಕಿ ಮರಳಿ ಪುಟಿಯುವ ಸಾಹಸ ಆರಂಭವಾಗುತ್ತದೆ. ಒಂದು ಮೊಣಕಾಲು ಕೈಕೊಟ್ಟರೆ ಆ ಸಲದ ಅವಕಾಶವೇ ತಪ್ಪಿಹೋದೀತು.

ಈ ಸಾಧನೆಗೆ ಪ್ಲಯೊಮೆಟ್ರಿಕ್ಸ್ ಎಂದು ಹೆಸರು. 1960ರ ದಶಕದಲ್ಲಿ ಸೋವಿಯತ್ ತರಬೇತುದಾರ ಯೂರಿ ವೆರ್ಖೊಶಾನ್‌ಸ್ಕಿ ಇದನ್ನು ಶಾಸ್ತ್ರೀಯವಾಗಿ ರೂಪಿಸಿದರು. 1975ರಲ್ಲಿ ಅಮೆರಿಕದ ಫ್ರೆಡ್ ವಿಲ್ಟ್ ಹೆಸರನ್ನು ಬಳಕೆಗೆ ತಂದರು. ತತ್ತ್ವ ಮಾತ್ರ ಹಳೆಯದು. ಸಮುದ್ರ ಹಾರುವ ಮುನ್ನ ಹನುಮಂತ ಮಹೇಂದ್ರಗಿರಿಯ ಮೇಲೆ ಪಾದವೂರಿ ಮೈ ಕುಗ್ಗಿಸಿದನೆಂದು ವಾಲ್ಮೀಕಿ ವರ್ಣಿಸುತ್ತಾನೆ. ಸ್ನಾಯು ಹಿಗ್ಗಿದ ಮರುಕ್ಷಣವೇ ಕುಗ್ಗಿದರೆ, ಸ್ನಾಯುರಜ್ಜುವಿನಲ್ಲಿ ಕೂಡಿದ ಶಕ್ತಿ ಎಳೆದುಬಿಟ್ಟ ಹೆದೆಯಂತೆ ಜಿಗಿತಕ್ಕೆ ಒದಗುತ್ತದೆ. ಆದರೆ ನೆಲ ಮುಟ್ಟುವಾಗ ದೇಹತೂಕದ ಹಲವು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಸ್ನಾಯು ಕೆಲವು ವಾರಗಳಲ್ಲಿ ಬಲಿಯುತ್ತದೆ. ರಜ್ಜು ಬಲಿಯಲು ತಿಂಗಳುಗಳು ಬೇಕು. ಹೀಗಾಗಿ ಕಸುವು ಬಂದಿದೆಯೆಂಬ ಅನಿಸಿಕೆಯೊಂದೇ ಸಿದ್ಧತೆಗೆ ಸಾಕ್ಷಿಯಾಗದು.

ಹಾಗಾದರೆ ಸಾಕ್ಷಿ ಯಾವುದು? ಅದನ್ನು ಜಿಗಿತದಲ್ಲಲ್ಲ, ಇಳಿತದಲ್ಲಿ ಹುಡುಕಬೇಕೆಂದು ನಾನು ಹೇಳುತ್ತೇನೆ. ತಾಲೀಮಿನ ಉಸ್ತಾದರು ಹುಡುಗರಿಗೆ ಕುಸ್ತಿಯ ಪಟ್ಟುಗಳಿಗಿಂತ ಮೊದಲು ಬಸ್ಕಿ ಹೊಡೆಸುವುದರಲ್ಲಿ ವಿವೇಕವಿದೆ. ಹಿಮ್ಮಡಿ ಏಳದಂತೆ ನಿಧಾನವಾಗಿ ಬಸ್ಕಿ ಹೊಡೆಯಲು ಬರಬೇಕು. ಒಂಟಿಕಾಲಿನಲ್ಲಿ ಅರ್ಧ ನಿಮಿಷ ಅಲುಗದೆ ನಿಲ್ಲಬೇಕು. ಅದೇ ಕಾಲಿನ ಮೇಲೆ ಅರ್ಧ ಕುಳಿತು ಏಳುವಾಗ ಮೊಣಕಾಲು ಒಳಕ್ಕೆ ವಾಲಬಾರದು. ಬಳಿಕ ಗೇಣೆತ್ತರದ ಮೆಟ್ಟಿಲಿನಿಂದ ಎರಡೂ ಕಾಲಿನ ಮೇಲೆ ಇಳಿದು ಹಾಗೆಯೇ ನಿಲ್ಲಬೇಕು. ಇಲ್ಲಿ ಕಿವಿಯೇ ಪರೀಕ್ಷಕ: 'ಧೊಪ್' ಎಂದು ಸಪ್ಪಳವಾದರೆ ಭಾರವನ್ನು ಸ್ನಾಯು ಮೆತ್ತಗೆ ಹೊರಲಿಲ್ಲವೆಂದೇ ಅರ್ಥ. ಗೆಳೆಯನೊಬ್ಬ ಎದುರು ನಿಂತು ಮೊಣಕಾಲುಗಳನ್ನು ಗಮನಿಸಲಿ. ಹುಡುಗಿಯರಿಗೆ ಈ ಎಚ್ಚರ ಹೆಚ್ಚು ಬೇಕು. ಮೊಣಕಾಲ ಒಳಗಿನ ಕಟ್ಟು ಹರಿಯುವ ಅಪಾಯ ಅವರಲ್ಲಿ ಅಧಿಕ. ಮರುದಿನ ಕೀಲಿನಲ್ಲಿ ನೋವಾಗಲಿ ಬಾವಾಗಲಿ ಕಂಡರೆ ಸಿದ್ಧತೆ ಸಾಲದು.

ದೇಹತೂಕದ ಒಂದೂವರೆ ಪಟ್ಟು ಭಾರ ಹೊತ್ತು ಬಸ್ಕಿ ಹೊಡೆಯಬಲ್ಲವನೇ ಅರ್ಹನೆಂಬ ಹಳೆಯ ನಿಯಮವೊಂದಿದೆ. ಅದು ಎತ್ತರದಿಂದ ಧುಮುಕಿ ಪುಟಿಯುವ ಕಠಿಣ ಅಭ್ಯಾಸಕ್ಕೆ ಹೇಳಿದ್ದು. ಹಗ್ಗದಾಟಕ್ಕೆ, ಗಿಡ್ಡ ಮೆಟ್ಟಿಲಿಗೆ ನೆಗೆದು ನಡೆದಿಳಿಯುವುದಕ್ಕೆ ಬೇಕಿಲ್ಲ. ಅವುಗಳಿಂದಲೇ ಆರಂಭಿಸಿ, ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ 48 ತಾಸು ಬಿಡುವು ಕೊಟ್ಟರೆ ಸಾಕು. ಯಾದಗಿರಿ ಕೋಟೆಯ ಮೆಟ್ಟಿಲು ಏರುವುದು ಕಾಲಿಗೆ ಬಲ. ಅಲ್ಲಿಂದ ಜಿಗಿದಿಳಿಯುವುದು ಸಲ್ಲದು. ಬೇಸಿಗೆಯಲ್ಲಿ ಎರೆನೆಲ ಕಲ್ಲಿನಂತಾಗುವುದರಿಂದ ಹುಲ್ಲು ಇಲ್ಲವೆ ಉಸುಕು ಲೇಸು.

ಪರೀಕ್ಷೆಗೆ ಒಂದೇ ತಿಂಗಳು ಉಳಿದಿದ್ದರೆ ಕಟ್ಟೆಯಿಂದ ಧುಮುಕುವುದನ್ನು ಬಿಟ್ಟುಬಿಡಿ. ಓಟದ ಹೆಜ್ಜೆಯ ಅಳತೆಯನ್ನೂ ಉಸುಕಿನ ಗುಂಡಿಯಲ್ಲಿ ಇಳಿಯುವ ರೀತಿಯನ್ನೂ ತಿದ್ದಿಕೊಂಡರೆ ಇರುವ ಬಲವೇ ಹೆಚ್ಚು ದೂರ ಒಯ್ದೀತು.