ನಾಯಿಯ ಕಡಿತ: ತಳಿಯ ಪಾಲೆಷ್ಟು, ಸಾಕಣೆಯ ಪಾಲೆಷ್ಟು

2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯು ರಾಜ್ಯಗಳಿಗೆ ಕಳುಹಿಸಿದ ಸುತ್ತೋಲೆಯೊಂದು ಪಿಟ್‌ಬುಲ್ ಟೆರಿಯರ್, ರಾಟ್‌ವೀಲರ್, ಕೇನ್ ಕೊರ್ಸೊ, ಕಂಗಾಲ್ ಮೊದಲಾದ 23 ತಳಿಗಳ ನಾಯಿಗಳು ಮನುಷ್ಯರ ಜೀವಕ್ಕೆ ಅಪಾಯಕಾರಿಯೆಂದು ಹೇಳಿ, ಅವುಗಳ ಆಮದು, ಸಂತಾನಾಭಿವೃದ್ಧಿ ಮತ್ತು ಮಾರಾಟವನ್ನು ನಿಲ್ಲಿಸಬೇಕೆಂದೂ, ಆಗಲೇ ಮನೆಗಳಲ್ಲಿದ್ದ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದೂ ಸೂಚಿಸಿತು. ತಿಂಗಳು ತುಂಬುವುದರೊಳಗೆ, ಏಪ್ರಿಲ್ 10ರಂದು, ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠವು ಸಂಬಂಧಪಟ್ಟವರ ಅಹವಾಲನ್ನು ಆಲಿಸದೆ ಹೊರಡಿಸಲಾಗಿದೆಯೆಂಬ ಕಾರಣಕ್ಕೆ ಆ ಸುತ್ತೋಲೆಯನ್ನು ರದ್ದುಪಡಿಸಿ, ಕಾನೂನಿನ ಕ್ರಮವನ್ನು ಅನುಸರಿಸಿ ಹೊಸದಾಗಿ ತೀರ್ಮಾನಿಸಲು ಸರ್ಕಾರಕ್ಕೆ ಅವಕಾಶವನ್ನು ಉಳಿಸಿತು. ತೀರ್ಪು ಮುಖ್ಯವಾಗಿ ಕಾರ್ಯವಿಧಾನವನ್ನು ಕುರಿತದ್ದಾದುದರಿಂದ, ನಾಯಿ ಕಚ್ಚುವುದು ಅದರ ರಕ್ತದಿಂದಲೋ ಅದನ್ನು ಸಾಕಿದ ರೀತಿಯಿಂದಲೋ ಎಂಬ ವಿಜ್ಞಾನದ ಪ್ರಶ್ನೆ ಇದ್ದಲ್ಲಿಯೇ ಉಳಿಯಿತು.

ಪ್ರಾಣಿವರ್ತನೆಯ ಅಧ್ಯಯನಕಾರರು ಆಕ್ರಮಣಶೀಲತೆಯನ್ನು ಒಂದೇ ಗುಣವೆಂದು ಎಣಿಸುವುದಿಲ್ಲ. ಅಪರಿಚಿತರು ಗೇಟು ದಾಟಿದೊಡನೆ ಎರಗುವ ನಾಯಿ, ತಟ್ಟೆಯ ಬಳಿ ಕೈಯಿಟ್ಟ ಮನೆಯವರನ್ನೇ ಕಚ್ಚುವ ನಾಯಿ, ಮರಿಗಳನ್ನು ಮುಟ್ಟಬಂದವರ ಮೇಲೆ ಹಾಯುವ ತಾಯಿ, ಸೊಂಟದ ಕೀಲುನೋವಿನಿಂದ ನರಳುತ್ತ ಸವರಿದ ಕೈಗೇ ಬಾಯಿ ಹಾಕುವ ಮುದಿ ನಾಯಿ, ಇವೆಲ್ಲದರ ಹಲ್ಲಿನ ಗುರುತು ಒಂದೇ ತೆರನಾಗಿ ಕಂಡರೂ ಹಿಂದಿನ ಪ್ರಚೋದನೆಗಳು ಬೇರೆ ಬೇರೆ. ಮೊಲವನ್ನೋ ಕೋಳಿಯನ್ನೋ ಅಟ್ಟಿಸಿಕೊಂಡು ಹೋಗುವುದು ಇವುಗಳಿಗಿಂತಲೂ ಬೇರೆಯಾದ ಬೇಟೆಯ ವರ್ತನೆಯಾಗಿದ್ದು, ಅದರಲ್ಲಿ ಗುರುಗುಟ್ಟುವಿಕೆಯಾಗಲಿ ಹಲ್ಲು ಕಿರಿಯುವಿಕೆಯಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಇನ್ನೊಂದು ನಾಯಿಯ ಮೇಲೆ ಬೀಳುವ ನಾಯಿ ಮನುಷ್ಯನ ಮೇಲೂ ಬೀಳುತ್ತದೆಂಬ ನಿಯಮವೂ ಇಲ್ಲ. ಸಂಶೋಧಕರಾದ ಡಫಿ, ಸೂ ಮತ್ತು ಸರ್ಪೆಲ್ 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಪಿಟ್‌ಬುಲ್ ಮತ್ತು ಅಕಿತಾ ತಳಿಗಳು ಬೇರೆ ನಾಯಿಗಳ ವಿಷಯದಲ್ಲಿ ಹೆಚ್ಚು ಉಗ್ರವಾಗಿ ಕಂಡುಬಂದವಾದರೂ, ಮನುಷ್ಯರ ವಿಷಯದಲ್ಲಿ, ಅಪರಿಚಿತರು ಮತ್ತು ಮನೆಯವರಿಬ್ಬರ ಮೇಲೂ, ಮುಂದಿದ್ದವು ಡ್ಯಾಷ್‌ಹಂಡ್, ಚಿವಾವಾ ಮತ್ತು ಜಾಕ್ ರಸೆಲ್ ಟೆರಿಯರ್‌ಗಳಂತಹ ಚಿಕ್ಕ ನಾಯಿಗಳು.

ಹಾಗೆಂದು ವಂಶವಾಹಿಗಳ ಪಾತ್ರವನ್ನು ತಳ್ಳಿಹಾಕಲು ಬರುವುದಿಲ್ಲ. ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ ದ್ಮಿತ್ರಿ ಬೆಲ್ಯಾಯೆವ್ ಮತ್ತು ಲ್ಯುದ್ಮಿಲಾ ತ್ರೂತ್ 1959ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ, ಮನುಷ್ಯರಿಗೆ ಹೆದರದ ಬೆಳ್ಳಿ ನರಿಗಳನ್ನಷ್ಟೇ ಆರಿಸಿ ತಲೆಮಾರಿನಿಂದ ತಲೆಮಾರಿಗೆ ಬೆಳೆಸಿದಾಗ, ಕೈ ಚಾಚಿದೊಡನೆ ಬಾಲವಾಡಿಸಿ ಬರುವ ಸಾಧು ನರಿಗಳ ಸಂತತಿ ಮೂಡಿತು. ಇನ್ನೊಂದೆಡೆ ಉಗ್ರವಾದವುಗಳನ್ನೇ ಆರಿಸಿದಾಗ ಪಂಜರದ ಸರಳನ್ನು ಕಚ್ಚಿ ಹಾರುವ ನರಿಗಳ ಸಂತತಿ ಸಿದ್ಧವಾಯಿತು. ಉಗ್ರ ತಾಯಿಯ ಭ್ರೂಣವನ್ನು ಸಾಧು ನರಿಯ ಗರ್ಭದಲ್ಲಿಟ್ಟು ಬೆಳೆಸಿದಾಗಲೂ ಮರಿಯು ಹೆತ್ತು ಸಾಕಿದ ತಾಯಿಯಂತಾಗದೆ, ಭ್ರೂಣವನ್ನು ಕೊಟ್ಟ ತಾಯಿಯಂತೆಯೇ ಉಗ್ರವಾಗಿ ಬೆಳೆಯಿತು. ನಾಯಿಯೆಲ್ಲ ಸಾಕಿದವರು ತಿದ್ದಿದಂತೆ ಎಂದು ನಂಬುವವರು ಈ ಪ್ರಯೋಗವನ್ನು ಗಂಭೀರವಾಗಿ ತೆಗೆದುಕೊಳ್ಳಲೇಬೇಕು.

ತಳಿಯ ಪ್ರಶ್ನೆ ಜಟಿಲವಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ. 2019ರಲ್ಲಿ ಇವಾನ್ ಮ್ಯಾಕ್ಲೀನ್ ಮತ್ತು ಸಂಗಡಿಗರು 101 ತಳಿಗಳ 14,000ಕ್ಕೂ ಹೆಚ್ಚು ನಾಯಿಗಳ ವರ್ತನೆಯ ಮಾಹಿತಿಯನ್ನು ತಳಿಗಳ ವಂಶವಾಹಿ ಮಾಹಿತಿಯೊಂದಿಗೆ ಹೋಲಿಸಿ, ಅಪರಿಚಿತರ ಮೇಲಿನ ಆಕ್ರಮಣದಂತಹ ಗುಣಗಳಲ್ಲಿ ತಳಿತಳಿಗಳ ನಡುವೆ ಕಾಣುವ ಅಂತರದ ದೊಡ್ಡ ಭಾಗ ಆನುವಂಶಿಕವೆಂದು ತೋರಿಸಿದರು. ಮೂರು ವರ್ಷಗಳ ಬಳಿಕ, 2022ರಲ್ಲಿ, ಎಲಿನಾರ್ ಕಾರ್ಲ್ಸನ್ ನೇತೃತ್ವದ ತಂಡ 18,385 ನಾಯಿಗಳ ಮಾಲೀಕರಿಂದ ಉತ್ತರಗಳನ್ನು ಪಡೆದು, ಅವುಗಳಲ್ಲಿ 2,155 ನಾಯಿಗಳ ಡಿಎನ್‌ಎಯನ್ನು ಓದಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು, ಬಿಡಿ ನಾಯಿಗಳ ವರ್ತನೆಯಲ್ಲಿರುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ 9 ಮಾತ್ರವೆಂದು ಹೇಳಿತು. ನಾಯಿಯು ಮಾತು ಕೇಳುವ ಗುಣವನ್ನು ಊಹಿಸಲು ತಳಿ ಅಷ್ಟಿಷ್ಟು ನೆರವಾಗುತ್ತದೆಯಾದರೂ, ಹೆದರಿಕೆ ಅಥವಾ ಕಿರಿಕಿರಿಯಾದಾಗ ಅದು ಎಷ್ಟು ಬೇಗ ಕೆರಳುತ್ತದೆಂಬುದನ್ನು ಊಹಿಸಲು ತಳಿಯ ಹೆಸರಿನಿಂದ ಹೆಚ್ಚೇನೂ ಪ್ರಯೋಜನವಾಗದೆಂಬುದು ಈ ಅಧ್ಯಯನದ ಮುಖ್ಯ ಫಲಿತಾಂಶಗಳಲ್ಲೊಂದು.

ಎರಡೂ ಅಧ್ಯಯನಗಳು ಪರಸ್ಪರ ವಿರುದ್ಧವೆಂದು ತೋರಿದರೂ ಅವು ಉತ್ತರಿಸುತ್ತಿರುವುದು ಎರಡು ಬೇರೆ ಪ್ರಶ್ನೆಗಳಿಗೆ. ಮೊದಲನೆಯದು ಪ್ರತಿ ತಳಿಯ ಸರಾಸರಿಯನ್ನು ತೆಗೆದು, ಆ ಸರಾಸರಿಗಳು ಒಂದರಿಂದ ಒಂದು ಭಿನ್ನವಾಗಿರಲು ಕಾರಣವೇನೆಂದು ಕೇಳುತ್ತದೆ. ಎರಡನೆಯದು ಎದುರಿಗೆ ನಿಂತಿರುವ ಒಂದು ನಾಯಿಯ ತಳಿಯನ್ನು ತಿಳಿದರೆ ಅದರ ವರ್ತನೆಯನ್ನು ಎಷ್ಟರ ಮಟ್ಟಿಗೆ ಊಹಿಸಬಹುದೆಂದು ಕೇಳುತ್ತದೆ. ಎರಡು ಜಿಲ್ಲೆಗಳ ಜನರ ಸರಾಸರಿ ಎತ್ತರದಲ್ಲಿ ಒಂದು ಸೆಂಟಿಮೀಟರಿನ ನಿಜವಾದ ವ್ಯತ್ಯಾಸವಿದ್ದರೂ, ಊರಿನ ಹೆಸರು ಕೇಳಿ ಒಬ್ಬ ವ್ಯಕ್ತಿಯ ಅಂಗಿಯ ಅಳತೆಯನ್ನು ಹೇಳಲಾಗದಂತೆ, ತಳಿಯ ಸರಾಸರಿ ಸತ್ಯವಾಗಿದ್ದೂ ಬಿಡಿ ನಾಯಿಯ ಮಟ್ಟಿಗೆ ನಿರುಪಯುಕ್ತವಾಗಬಹುದು, ಏಕೆಂದರೆ ಒಂದೇ ತಳಿಯ ಒಳಗಿನ ಹರವು ತಳಿತಳಿಗಳ ನಡುವಿನ ಅಂತರಕ್ಕಿಂತ ಬಹಳ ದೊಡ್ಡದು. ಕಾನೂನು ಮಾಡುವವರಿಗೆ ಬೇಕಾದದ್ದು ಎರಡನೆಯ ಪ್ರಶ್ನೆಯ ಉತ್ತರವಾಗಿದ್ದರೂ ಅವರು ಆಧರಿಸುವುದು ಹೆಚ್ಚಾಗಿ ಮೊದಲನೆಯದನ್ನು, ಮತ್ತು ಈ ವಿಷಯದ ಚರ್ಚೆಯಲ್ಲಿ ಆಗುವ ಅತಿ ದೊಡ್ಡ ತಪ್ಪು ಇದೇ.

ಆನುವಂಶಿಕತೆಯನ್ನು ತಳಿಯ ಹೆಸರಿಗಿಂತ ತಂದೆತಾಯಿಗಳಲ್ಲಿ ಹುಡುಕುವುದು ಹೆಚ್ಚು ಫಲಕಾರಿ. ಸೌಮ್ಯವೆಂದು ಹೆಸರಾದ ಇಂಗ್ಲಿಷ್ ಸ್ಪ್ರಿಂಗರ್ ಸ್ಪ್ಯಾನಿಯಲ್ ತಳಿಯಲ್ಲಿ ಮನೆಯವರನ್ನೇ ಕಚ್ಚುವ ಸಮಸ್ಯೆಯನ್ನು ಅಮೆರಿಕದಲ್ಲಿ ಪರಿಶೀಲಿಸಿದಾಗ ಅದಕ್ಕೆ ನಿರ್ದಿಷ್ಟ ಕೆನೆಲ್ ಒಂದರ ವಂಶದೊಂದಿಗೆ ನಂಟು ಕಂಡುಬಂತು. ಗೋಲ್ಡನ್ ರಿಟ್ರೀವರ್‌ಗಳಲ್ಲಿಯೂ ಮನುಷ್ಯರ ಮೇಲಿನ ಆಕ್ರಮಣ ವಂಶಪಾರಂಪರ್ಯವಾಗಿ ಹರಿಯಬಲ್ಲುದೆಂದು ನೆದರ್‌ಲೆಂಡ್ಸ್‌ನ ಸಂಶೋಧಕರು ತೋರಿಸಿದ್ದಾರೆ. ಇದಲ್ಲದೆ ತಳಿಯನ್ನು ಕಣ್ಣಳತೆಯಿಂದ ಗುರುತಿಸುವುದೇ ಕಷ್ಟ: ಫ್ಲಾರಿಡಾದ ಪ್ರಾಣಿ ಆಶ್ರಯಕೇಂದ್ರಗಳ 120 ನಾಯಿಗಳಲ್ಲಿ ಅಲ್ಲಿನ ಅನುಭವಿ ಸಿಬ್ಬಂದಿಯೇ 62ನ್ನು ಪಿಟ್‌ಬುಲ್ ಬಗೆಯವೆಂದು ಗುರುತಿಸಿದ್ದರೆ, ಡಿಎನ್‌ಎ ಪರೀಕ್ಷೆಯಲ್ಲಿ ಆ ವಂಶದ ಅಂಶ ಕಂಡದ್ದು 25ರಲ್ಲಿ ಮಾತ್ರ. ಕಡಿತದ ವರದಿಗಳಲ್ಲಿ ನಮೂದಾಗುವ ತಳಿಗಳ ಹೆಸರನ್ನು ಓದುವಾಗ ಈ ಸಂಗತಿ ನೆನಪಿನಲ್ಲಿರಬೇಕು.

ತಳಿಯ ಪರವಾದ ವಾದದಲ್ಲಿ ಒಪ್ಪಲೇಬೇಕಾದ ಒಂದು ಅಂಶವಿದೆ. ಮೂರು ಕಿಲೋ ತೂಕದ ಚಿವಾವಾ ಹತ್ತು ಬಾರಿ ಕಚ್ಚಿದರೂ ಆಗದ ಹಾನಿ, ಐವತ್ತು ಕಿಲೋ ತೂಕದ ನಾಯಿ ಒಮ್ಮೆ ಕಚ್ಚಿದರೆ ಆಗಬಲ್ಲುದು. ಅಮೆರಿಕದಲ್ಲಿ 1979ರಿಂದ 1998ರವರೆಗೆ ನಾಯಿ ದಾಳಿಯಿಂದ ಸಂಭವಿಸಿದ 238 ಸಾವುಗಳಲ್ಲಿ ಕನಿಷ್ಠ 25 ತಳಿಗಳು ಭಾಗಿಯಾಗಿದ್ದವಾದರೂ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಪಿಟ್‌ಬುಲ್ ಬಗೆಯ ನಾಯಿಗಳು ಮತ್ತು ರಾಟ್‌ವೀಲರ್‌ಗಳಿದ್ದವು. ದೇಹದ ಗಾತ್ರ ಮತ್ತು ದವಡೆಯ ಬಲ ಅಪಾಯದ ತೀವ್ರತೆಯನ್ನು ಹೆಚ್ಚಿಸುತ್ತವೆ. ನಾಯಿ ಕಚ್ಚುತ್ತದೆಯೇ ಇಲ್ಲವೇ ಎಂಬುದು ಬೇರೆಯ ವಿಚಾರ. ಫಿನ್‌ಲೆಂಡಿನ 9,000ಕ್ಕೂ ಹೆಚ್ಚು ನಾಯಿಗಳ 2021ರ ಅಧ್ಯಯನದಲ್ಲಿ ಆಕ್ರಮಣದ ಸಾಧ್ಯತೆಯನ್ನು ಎಲ್ಲಕ್ಕಿಂತ ಹೆಚ್ಚಿಸಿದ್ದು ಭಯ: ಪುಕ್ಕಲು ನಾಯಿಗಳಲ್ಲಿ ಅದು ಐದು ಪಟ್ಟಿಗೂ ಮಿಗಿಲಾಗಿತ್ತು. ತಳಿಗಳ ಸಾಲಿನಲ್ಲಿ ಮೊದಲು ನಿಂತದ್ದು ಮಕ್ಕಳ ಚಲನಚಿತ್ರಗಳಿಂದ ಮುದ್ದಾದ ರಫ್ ಕಾಲಿ.

ಈ ಭಯದ ಬೇರುಗಳು ಬಹುಮಟ್ಟಿಗೆ ನಾಯಿ ಮಾಲೀಕನ ಮನೆಗೆ ಬರುವ ಮೊದಲೇ ಇಳಿದಿರುತ್ತವೆ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಗಳ ಮರಿಗಳನ್ನು ವರ್ಷಗಟ್ಟಲೆ ಗಮನಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥವು, ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲವನ್ನು ಸಾಮಾಜೀಕರಣದ ಅವಧಿ, ಎಂದರೆ ಮರಿಯು ತನ್ನ ಸುತ್ತಲಿನ ಯಾರನ್ನು ತನ್ನವರೆಂದು ಸ್ವೀಕರಿಸಬೇಕೆಂಬುದನ್ನು ಕಲಿಯುವ ಕಾಲವೆಂದು ಗುರುತಿಸಿತು. ಅದಕ್ಕೂ ಮುನ್ನ, 1961ರಲ್ಲಿ ವರದಿಯಾದ ಇನ್ನೊಂದು ಪ್ರಯೋಗದಲ್ಲಿ, ಬೇಲಿ ಹಾಕಿದ ಬಯಲಿನಲ್ಲಿ ಮನುಷ್ಯರ ಒಡನಾಟವಿಲ್ಲದೆ ಹದಿನಾಲ್ಕು ವಾರ ಬೆಳೆದ ಮರಿಗಳು ಆಮೇಲೆ ಎಷ್ಟು ಪ್ರಯತ್ನಿಸಿದರೂ ಮನುಷ್ಯರನ್ನು ಕಂಡರೆ ಕಾಡುಪ್ರಾಣಿಗಳಂತೆ ಬೆದರುತ್ತಿದ್ದವು. ಈ ವಾರಗಳಲ್ಲಿ ಮಕ್ಕಳ ಕೂಗಾಟ, ಛತ್ರಿ ಬಿಚ್ಚುವ ಸದ್ದು, ಮೋಟಾರ್‌ಬೈಕು, ಅಪರಿಚಿತರ ಮುಖ ಇವುಗಳ ಪರಿಚಯವನ್ನು ಹಿತವಾಗಿ ಮಾಡಿಕೊಂಡ ಮರಿ ಮುಂದೆ ಅವುಗಳಿಗೆ ಅಂಜುವುದು ಕಡಿಮೆ. ಕತ್ತಲೆಯ ಗೂಡಿನಲ್ಲಿ ಬೆಳೆದು, ತಾಯಿಯಿಂದ ಬೇಗ ಬೇರ್ಪಟ್ಟು, ಪೆಟ್ಟಿಗೆಯಲ್ಲಿ ಊರಿಂದೂರಿಗೆ ಸಾಗಿ ಮಾರಾಟವಾದ ಮರಿಗೆ ಇದಾವುದೂ ದಕ್ಕಿರುವುದಿಲ್ಲ. ಭಾರತದಲ್ಲಿ 2017ರ ನಾಯಿ ಸಂತಾನಾಭಿವೃದ್ಧಿ ಮತ್ತು ಮಾರಾಟ ನಿಯಮಗಳು ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದು ವಿಧಿಸಿರುವುದರ ಹಿಂದೆ ಗಟ್ಟಿಯಾದ ಜೀವವಿಜ್ಞಾನವಿದೆ. ಆದುದರಿಂದ ಮಾಲೀಕನೇ ಹೊಣೆಯೆಂಬ ವಾದ, ಹಣದಾಸೆಯಿಂದ ಮರಿಗಳನ್ನು ಹುಟ್ಟಿಸಿ ಮಾರುವವರನ್ನು ಲೆಕ್ಕದಿಂದ ಹೊರಗಿಟ್ಟಷ್ಟು ಕಾಲವೂ ಅರ್ಧ ಸತ್ಯವೇ.

ಉಳಿದರ್ಧವೂ ಸಣ್ಣದೇನಲ್ಲ. ನಾಯಿ ಮನೆಯ ಯಜಮಾನಿಕೆಗಾಗಿ ಹೋರಾಡುತ್ತದೆ, ಆದ್ದರಿಂದ ಅದನ್ನು ಅದುಮಿ ಇಡಬೇಕೆಂಬ ನಂಬಿಕೆ, ಸೆರೆಯಲ್ಲಿ ಒಟ್ಟುಗೂಡಿಸಿಟ್ಟ ತೋಳಗಳನ್ನು ನೋಡಿ 1947ರಲ್ಲಿ ರುಡಾಲ್ಫ್ ಶೆಂಕೆಲ್ ಬರೆದ ಪ್ರಬಂಧದಿಂದ ಹುಟ್ಟಿ ಹರಡಿತು. ಕಾಡಿನ ತೋಳಗಳ ಗುಂಪು ಸಾಮಾನ್ಯವಾಗಿ ತಂದೆ, ತಾಯಿ ಮತ್ತು ಮಕ್ಕಳ ಸಂಸಾರವೆಂದು ಡೇವಿಡ್ ಮೆಕ್ 1999ರಲ್ಲಿ ಬರೆದು ಈ ಚಿತ್ರವನ್ನು ತಿದ್ದಿದರೂ, ಹೊಡೆದು ಬುದ್ಧಿ ಕಲಿಸುವ ಪದ್ಧತಿ ನಿಲ್ಲಲಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಹೆರಾನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನಾಯಿಗೆ ಹೊಡೆದ ಅಥವಾ ಒದ್ದ ಮಾಲೀಕರಲ್ಲಿ ಶೇ 43ರಷ್ಟು ಮಂದಿ ನಾಯಿಯು ತಿರುಗಿ ಉಗ್ರವಾಗಿ ವರ್ತಿಸಿತೆಂದು ಹೇಳಿದರು. ಗುರುಗುಟ್ಟಿದ್ದಕ್ಕೆ ಪೆಟ್ಟು ತಿಂದ ನಾಯಿ ಭಯವನ್ನು ಕಳೆದುಕೊಳ್ಳದೆ ಗುರುಗುಟ್ಟುವುದನ್ನಷ್ಟೇ ಬಿಡಬಹುದು, ಮತ್ತು ಮುನ್ಸೂಚನೆಯನ್ನು ಬಿಟ್ಟ ನಾಯಿಯೇ ಮಕ್ಕಳಿರುವ ಮನೆಯಲ್ಲಿ ಹೆಚ್ಚು ಅಪಾಯಕಾರಿ. ಹಗಲಿಡೀ ಸರಪಳಿಯಲ್ಲಿ ಕಟ್ಟಿ, ರಾತ್ರಿ ಕಾವಲಿಗೆ ಬಿಡುವ ರೂಢಿಯೂ ಇದೇ ಬಗೆಯದು. ಓಡಿಹೋಗುವ ದಾರಿಯಿಲ್ಲದ ಪ್ರಾಣಿಗೆ ಉಳಿಯುವುದು ಎದುರಿಸುವ ದಾರಿಯೊಂದೇ.

ಸಾವಿನಲ್ಲಿ ಕೊನೆಗೊಂಡ ದಾಳಿಗಳನ್ನು ಪೊಲೀಸ್ ದಾಖಲೆ ಮತ್ತು ತನಿಖಾಧಿಕಾರಿಗಳ ಹೇಳಿಕೆಗಳ ಸಹಾಯದಿಂದ ಒಂದೊಂದಾಗಿ ಪರಿಶೀಲಿಸಿದ ಗ್ಯಾರಿ ಪಾಟ್ರೊನೆಕ್ ತಂಡದ 2013ರ ಅಧ್ಯಯನ ಈ ಎಳೆಗಳನ್ನು ಒಟ್ಟಿಗೆ ತರುತ್ತದೆ. 2000ದಿಂದ 2009ರವರೆಗೆ ಅಮೆರಿಕದಲ್ಲಿ ಸಂಭವಿಸಿದ ಇಂತಹ 256 ಸಾವುಗಳಲ್ಲಿ, ಬಿಡಿಸಲು ಶಕ್ತರಾದವರು ಹತ್ತಿರದಲ್ಲಿ ಇಲ್ಲದಿದ್ದದ್ದು ಶೇ 87ರಲ್ಲಿ. ಬಲಿಯಾದವರಿಗೂ ನಾಯಿಗೂ ಒಡನಾಟವಿಲ್ಲದಿದ್ದದ್ದು ಶೇ 85ರಲ್ಲಿ. ನಾಯಿಗೆ ಸಂತಾನಹರಣ ಚಿಕಿತ್ಸೆಯಾಗದಿದ್ದದ್ದು ಶೇ 84ರಲ್ಲಿ. ನಾಯಿಯನ್ನು ಮನೆಯವರ ಒಡನಾಟದಿಂದ ದೂರವಿಟ್ಟು ಸಾಕಿದ್ದದ್ದು ಶೇ 76ರಲ್ಲಿ. ಐದರಲ್ಲಿ ನಾಲ್ಕು ಪ್ರಕರಣಗಳಲ್ಲಿ ಇಂತಹ ನಾಲ್ಕು ಅಥವಾ ಹೆಚ್ಚು ಕಾರಣಗಳು ಒಟ್ಟಿಗೇ ಕೂಡಿದ್ದವು. ತಳಿಯನ್ನು ಖಚಿತವಾಗಿ ನಿರ್ಧರಿಸಲು ಸಾಧ್ಯವಾದದ್ದು ಐದರಲ್ಲಿ ಒಂದಕ್ಕೂ ಕಡಿಮೆ ಪ್ರಕರಣಗಳಲ್ಲಿ.

ತಳಿನಿಷೇಧದ ದಾರಿಯನ್ನು ಹಿಡಿದ ದೇಶಗಳ ಅನುಭವವೂ ಇದಕ್ಕೆ ಹೊಂದುತ್ತದೆ. ಬ್ರಿಟನ್ 1991ರ ಕಾಯಿದೆಯಿಂದ ನಾಲ್ಕು ಬಗೆಯ ನಾಯಿಗಳನ್ನು ನಿಷೇಧಿಸಿ, ಮೂರು ದಶಕಗಳ ನಂತರ 2023ರಲ್ಲಿ ಎಕ್ಸ್‌ಎಲ್ ಬುಲ್ಲಿಯನ್ನು ಐದನೆಯದಾಗಿ ಸೇರಿಸಬೇಕಾಯಿತು. ನೆದರ್‌ಲೆಂಡ್ಸ್ 1993ರಲ್ಲಿ ಪಿಟ್‌ಬುಲ್ ಮೇಲೆ ಹೇರಿದ ನಿಷೇಧವನ್ನು, ಕಡಿತಗಳು ಕಡಿಮೆಯಾಗಲಿಲ್ಲವೆಂಬುದನ್ನು ಕಂಡು, 2008ರಲ್ಲಿ ಕೈಬಿಡಲು ನಿರ್ಧರಿಸಿತು. ಕೆನಡಾದ ಕ್ಯಾಲ್ಗರಿ ನಗರವು ತಳಿಗಳ ಪಟ್ಟಿ ಮಾಡುವುದರ ಬದಲು ಪ್ರತಿ ನಾಯಿಗೂ ಪರವಾನಗಿ, ನಿರ್ಲಕ್ಷ್ಯಕ್ಕೆ ಭಾರಿ ದಂಡ ಮತ್ತು ಜನಶಿಕ್ಷಣವನ್ನು ಆಯ್ದುಕೊಂಡಿತು. ಭಾರತದ 23ರ ಪಟ್ಟಿಯಲ್ಲಿ ‘ಟೆರಿಯರ್‌ಗಳು’ ಎಂಬ ಒಂದೇ ಪದದೊಳಗೆ ಹತ್ತಾರು ತಳಿಗಳು, ಮಡಿಲಲ್ಲಿ ಕೂರುವಷ್ಟು ಚಿಕ್ಕವೂ ಸೇರಿದಂತೆ, ಬಂದುಬಿಟ್ಟಿದ್ದವು. ಹೊಸ ನಿಯಮವನ್ನು ರೂಪಿಸುವವರು ಆ ಪಟ್ಟಿಯನ್ನು ತಿದ್ದುವುದಕ್ಕಿಂತ ಮೊದಲು, ಕಚ್ಚಿದ ನಾಯಿಯ ವಯಸ್ಸು, ಅದನ್ನು ಕಟ್ಟಿದ್ದ ಬಗೆ, ಅದರ ತಾಯಿಯ ಸ್ವಭಾವ, ಅದನ್ನು ಮಾರಿದವರ ನೋಂದಣಿ ಮತ್ತು ಕಡಿತದ ಸಂದರ್ಭ ಇವಿಷ್ಟನ್ನು ಆಸ್ಪತ್ರೆಗಳೂ ಪಶುವೈದ್ಯರೂ ನಗರಪಾಲಿಕೆಗಳೂ ಒಂದೇ ನಮೂನೆಯಲ್ಲಿ ದಾಖಲಿಸುವ ವ್ಯವಸ್ಥೆಯನ್ನು ಮಾಡಬೇಕಾಗಿದೆ.